ಒಂದು ಮುಂಹಲ್ಲಿಗಾಗಿ ಎರಡನ್ನು ಕಳೆದುಕೊಳ್ಳಬೇಡಿ

ಬಿದ್ದು ಒಂದು ಮುಂಹಲ್ಲು ಹೋಗಿದೆ, ಅಕ್ಕಪಕ್ಕದವು ಗಟ್ಟಿಯಾಗಿವೆ ಎಂದು ಬರೆದಿದ್ದೀರಿ. ಹಾಗಿದ್ದರೆ ಅಕ್ಕಪಕ್ಕದ ಹಲ್ಲುಗಳ ಮೇಲೆ ಕೂರಿಸುವ ಮಾಮೂಲಿ ಬ್ರಿಜ್‌ಗೆ ಅವಸರ ಬೇಡ. ಅದಕ್ಕಾಗಿ ಆ ಎರಡು ಹಲ್ಲುಗಳನ್ನೂ ಸುತ್ತಲೂ ತೇಯ್ದು ಸಣ್ಣದು ಮಾಡಬೇಕಾಗುತ್ತದೆ. ಹೀಗೆ ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಇನ್ನೊಂದು ದಾರಿಯಾದ ಇಂಪ್ಲಾಂಟ್ ದುಬಾರಿ, ಕಾಯಬೇಕು ಎಂಬ ನಿಮ್ಮ ಆಕ್ಷೇಪ ನಿಜವೇ. ಅದರ ಟೈಟಾನಿಯಂ ತಿರುಪನ್ನು ದವಡೆಯ ಮೂಳೆ ಬಿಗಿಯಾಗಿ ಹಿಡಿಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಆದರೆ ಬ್ರಿಜ್‌ನ ಅಡಿ ಹುಳುಕು ಹತ್ತಿದರೆ ಖರ್ಚು ಮೂರು ಹಲ್ಲಿನದಾಗುತ್ತದೆ. ಇಂಪ್ಲಾಂಟ್ ಬಿಗಿಯಾಗುವವರೆಗೆ ತೆಗೆದು ಹಾಕಿಕೊಳ್ಳಬಹುದಾದ ಹಲ್ಲಿನ ಸೆಟ್ ಸಾಕು, ರಾತ್ರಿ ತೆಗೆದು ನೀರಿನಲ್ಲಿಡಿ. ಇಂಪ್ಲಾಂಟ್‌ಗೆ ಹಣ ಹೊಂದಿಸಲಾಗದಿದ್ದರೆ, ಪಕ್ಕದ ಒಂದೇ ಹಲ್ಲಿನ ಹಿಂಬದಿಗೆ ಅಂಟಿಸುವ ಬ್ರಿಜ್ ಆಗುತ್ತದೆಯೇ ಎಂದು ಕೇಳಿ, ಅದರಲ್ಲಿ ಹಲ್ಲು ತೇಯುವುದು ತೀರಾ ಕಡಿಮೆ. ಹಲ್ಲಿಲ್ಲದ ಜಾಗದ ಮೂಳೆ ಮೊದಲ ವರ್ಷದಲ್ಲೇ ಹೆಚ್ಚು ಕರಗುತ್ತದೆ. ತಡಮಾಡದೆ ದಂತವೈದ್ಯರಲ್ಲಿ ಎಕ್ಸ್‌ರೇ ತೆಗೆಸಿ.