ರಾತ್ರಿಯಿಡೀ ಉರಿಯುವ ಗ್ಯಾಸು, ಬಾರದ ನಿದ್ದೆ

ಪ್ರಶ್ನೆ: ನನಗೆ 31 ವರ್ಷ. ತವರು ತಿಪಟೂರು. ಮದುವೆಯಾದ ಮೇಲೆ ಅಮೆರಿಕದ ಮಿನಿಯಾಪೊಲಿಸ್ ಹತ್ತಿರ ಇದ್ದೇವೆ. ಈ ವರ್ಷ ಒಂದು ಹಳೆಯ ಮನೆ ಕೊಂಡೆವು. ಬೇಸ್‌ಮೆಂಟಿನಲ್ಲಿ ಮನೆ ಬಿಸಿಮಾಡುವ ಗ್ಯಾಸ್ ಫರ್ನೇಸ್ ಇದೆ, ಅದಕ್ಕೆ ಇಪ್ಪತ್ತು ವರ್ಷ ದಾಟಿದೆ. ರಾತ್ರಿ ಅದು ‘ಧುಪ್’ ಎಂದು ಹತ್ತಿಕೊಂಡಾಗಲೆಲ್ಲ ನನಗೆ ಎಚ್ಚರವಾಗುತ್ತದೆ. ಎದ್ದು ಹೋಗಿ ನಮ್ಮ ಒಂದು ವರ್ಷದ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ. ಇವರು ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ, ಕೈಕೆಲಸದಲ್ಲೂ ಜಾಣರು. “ಕಂಪನಿಯವರು ಸಾವಿರಗಟ್ಟಲೆ ಡಾಲರ್ ಕೇಳ್ತಾರೆ, ವಿಡಿಯೊ ನೋಡಿಕೊಂಡು ಹೊಸದನ್ನ ನಾನೇ ಕೂರಿಸ್ತೀನಿ” ಅನ್ನುತ್ತಾರೆ. ಬೇಡ ಅಂದರೆ “ನಿನಗೆ ಎಲ್ಲದಕ್ಕೂ ಭಯ” ಎಂದು ನಗುತ್ತಾರೆ. ಮಾತಿಗೆ ಮಾತು ಬೆಳೆದು ಈಗ ನಮ್ಮಿಬ್ಬರ ನಡುವೆ ಸರಿಯಾಗಿ ಮಾತೇ ಇಲ್ಲ. ಅಮ್ಮನಿಗೆ ಹೇಳೋಣವೆಂದರೆ ಅವರ ನಿದ್ದೆಯೂ ಹೋಗುತ್ತದೆ. ನಾನು ಅತಿಯಾಗಿ ಆಡುತ್ತಿದ್ದೇನೆಯೇ?
– ಹೆಸರು ಬೇಡ, ಮಿನೆಸೋಟ

ಉತ್ತರ: ಇಲ್ಲ, ನೀವು ಅತಿಯಾಗಿ ಆಡುತ್ತಿಲ್ಲ. ಮಲಗುವ ಮುಂಚೆ ಸಿಲಿಂಡರಿನ ರೆಗ್ಯುಲೇಟರ್ ಆಫ್ ಆಗಿದೆಯೇ ಎಂದು ಅಡುಗೆಮನೆಗೆ ಹೋಗಿ ಒಮ್ಮೆ ನೋಡಿ ಬರುವುದು ನಮ್ಮ ಮನೆಗಳ ರೂಢಿ. ಚಿಕ್ಕಂದಿನಿಂದ ಅಮ್ಮ ಹಾಗೆ ಮಾಡುವುದನ್ನು ಕಂಡವರು ನೀವು. ಈಗ ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ. ಮನೆಯವರೆಲ್ಲ ಮಲಗಿದ ಮೇಲೂ ಗ್ಯಾಸು ತಾನಾಗಿ ಹತ್ತಬೇಕು, ತಾನಾಗಿ ಆರಬೇಕು. ಅಷ್ಟು ವರ್ಷದ ಅಭ್ಯಾಸಕ್ಕೆ ಇದು ತಿರುವುಮುರುವು. ಮನಸ್ಸು ಒಪ್ಪದಿದ್ದರೆ ಅದರಲ್ಲಿ ಹೇಡಿತನವೇನೂ ಇಲ್ಲ.

ಮಗುವಿನ ಮೂಗಿನ ಬಳಿ ಬೆರಳಿಟ್ಟು ನೋಡುವ ತಾಯಂದಿರು ಎಷ್ಟೋ ಮಂದಿ. ಅದಕ್ಕೂ ನಾಚಿಕೆ ಬೇಡ. ನನಗೆ ಚಿಂತೆಯಾಗಿದ್ದು ಬೇರೆಯದಕ್ಕೆ. ಆ ಮನೆಯ ಕಾವಲನ್ನು ರಾತ್ರಿಯೆಲ್ಲ ನೀವೊಬ್ಬರೇ ಕಾಯುತ್ತಿದ್ದೀರಿ. ಗಂಡನಿಗೆ ಹೇಳಿದರೆ ನಗು, ಅಮ್ಮನಿಗೆ ಹೇಳುವ ಹಾಗಿಲ್ಲ. ನಿಮ್ಮನ್ನು ಫರ್ನೇಸಿಗಿಂತ ಹೆಚ್ಚು ದಣಿಸಿರುವುದು ಈ ಒಂಟಿತನ ಎಂದು ಪತ್ರ ಓದಿದಾಗ ನನಗೆ ಅನ್ನಿಸಿತು.

ನಿಮ್ಮ ಭಯದಲ್ಲಿ ಬಿಡಬಹುದಾದ ಭಾಗ ಒಂದಿದೆ, ಬಿಡಬಾರದ ಭಾಗ ಇನ್ನೊಂದಿದೆ. ಮೊದಲು ಆ ‘ಧುಪ್’ ಸದ್ದು. ಕೋಣೆ ತಣ್ಣಗಾದಾಗ ಥರ್ಮೋಸ್ಟಾಟ್ ಫರ್ನೇಸಿಗೆ ಸೂಚನೆ ಕಳಿಸುತ್ತದೆ. ಮೊದಲು ಒಂದು ಸಣ್ಣ ಫ್ಯಾನ್ ತಿರುಗಿ ಹೊಗೆಯ ದಾರಿಯಲ್ಲಿ ಗಾಳಿ ಎಳೆಯುತ್ತದೆ. ದಾರಿ ತೆರೆದಿದೆ ಎಂದು ಒಂದು ಸ್ವಿಚ್ ಖಚಿತಪಡಿಸಿದ ಮೇಲೆ ಮಾತ್ರ ಗ್ಯಾಸ್ ಬಿಟ್ಟು ಉರಿ ಹತ್ತುತ್ತದೆ. ಹತ್ತಲಿಲ್ಲ ಎಂದಾದರೆ ಕೆಲವೇ ಸೆಕೆಂಡುಗಳಲ್ಲಿ ಗ್ಯಾಸ್ ನಿಲ್ಲುತ್ತದೆ. ಆಮೇಲೆ ದೊಡ್ಡ ಫ್ಯಾನ್ ಶುರುವಾಗುತ್ತದೆ, ತಗಡಿನ ಕೊಳವೆಗಳು ಬಿಸಿಗೆ ಹಿಗ್ಗಿ ಟಕಟಕ ಅನ್ನುತ್ತವೆ. ನಿಮ್ಮ ಮನೆಯದರ ವಯಸ್ಸಿನ ಫರ್ನೇಸುಗಳೂ ಸಾಮಾನ್ಯವಾಗಿ ಹೀಗೇ ಕೆಲಸ ಮಾಡುತ್ತವೆ. ಹಗಲು ಹೊತ್ತು, ನಿಮ್ಮವರು ಜೊತೆಗಿರುವಾಗ, ಬೇಸ್‌ಮೆಂಟಿಗೆ ಇಳಿದು ಒಂದು ಸಲ ಇದನ್ನೆಲ್ಲ ನಿಂತು ನೋಡಿ. ಮೆದುವಾದ ‘ಧುಪ್’ ಸಹಜ. ಪಟಾಕಿಯಂತೆ ‘ಢಂ’ ಅಂದರೆ, ನೀಲಿ ಇರಬೇಕಾದ ಉರಿ ಹಳದಿಯಾಗಿ ಓಲಾಡಿದರೆ, ಸುತ್ತ ಮಸಿ ಕಂಡರೆ ಅದನ್ನು ಆಫ್ ಮಾಡಿ ಟೆಕ್ನಿಷಿಯನ್ನನ್ನು ಕರೆಸಬೇಕು.

ಬಿಡಬಾರದ ಭಾಗ ಕಾರ್ಬನ್ ಮೊನಾಕ್ಸೈಡ್. ಹೊಗೆ ಹೋಗುವ ದಾರಿ ಕಟ್ಟಿಕೊಂಡರೆ, ಒಳಗೆ ಉರಿಯನ್ನೂ ಮನೆಯ ಗಾಳಿಯನ್ನೂ ಬೇರೆ ಮಾಡುವ ಲೋಹದ ಗೋಡೆ ಬಿರುಕುಬಿಟ್ಟರೆ ಈ ಅನಿಲ ಮನೆಯೊಳಗೆ ಸೇರಬಹುದು. ಅಡುಗೆ ಗ್ಯಾಸು ಸೋರಿದರೆ ಗೊತ್ತಾಗಲೆಂದೇ ಅದಕ್ಕೆ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದು ಕೂರುತ್ತದೆ. ಬೆಂಕಿ ಅನಾಹುತಗಳನ್ನು ಬಿಟ್ಟೇ, ಅಮೆರಿಕದಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಆಕಸ್ಮಿಕವಾಗಿ ಇದರಿಂದ ಸಾಯುತ್ತಾರೆ ಎನ್ನುತ್ತದೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರ. ನೀವು ರಾತ್ರಿ ಎಷ್ಟು ಸಲ ಎದ್ದರೂ ನಿಮ್ಮ ಬೆರಳಿಗೆ ಇದು ತಿಳಿಯುವುದಿಲ್ಲ. ಅಲಾರ್ಮಿಗೆ ತಿಳಿಯುತ್ತದೆ. ಮಲಗುವ ಪ್ರತಿ ಕೋಣೆಯಿಂದ 10 ಅಡಿಯೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಇರಬೇಕೆಂಬುದು ಮಿನೆಸೋಟದ ಕಾನೂನು. ಬೇಸ್‌ಮೆಂಟ್ ಸೇರಿ ಪ್ರತಿ ಅಂತಸ್ತಿನಲ್ಲೂ ಒಂದಿದ್ದರೆ ಇನ್ನೂ ಒಳ್ಳೆಯದು. ಹಳೆಯ ಮನೆಯವರು ಬಿಟ್ಟುಹೋದದ್ದು ಗೋಡೆಯ ಮೇಲಿದ್ದರೆ ಹಿಂಬದಿಯ ದಿನಾಂಕ ನೋಡಿ. ಅವಕ್ಕೂ ಆಯಸ್ಸಿದೆ, ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷ. ಹೊಸದು ಬೇಕಿದ್ದರೆ ನಾಳೆಗೆಂದು ಇಡಬೇಡಿ, ಇವತ್ತೇ ತನ್ನಿ.

ಇನ್ನು ನಿಮ್ಮವರ ಮಾತು. ಅವರು ನಕ್ಕಿದ್ದು ತಪ್ಪು. ಆದರೆ ಆ ನಗುವಿನ ಹಿಂದೆ ಕೆಟ್ಟ ಮನಸ್ಸಿದೆ ಎಂದು ನನಗೆ ಅನ್ನಿಸುವುದಿಲ್ಲ. ಮೊದಲ ಮನೆ, ಮೂವತ್ತು ವರ್ಷದ ಸಾಲವೂ ಇರಬಹುದು, ಪರದೇಶ. ಎಲ್ಲಾದರೂ ನಾಲ್ಕು ಕಾಸು ಉಳಿಸಿ ಸಂಸಾರವನ್ನು ದಡ ಮುಟ್ಟಿಸಬೇಕೆಂಬ ಆತಂಕ ಅವರಿಗೂ ಇದ್ದೀತು. ಗಂಡಸರು ಆತಂಕವನ್ನು ಎಷ್ಟೋ ಸಲ ಸ್ಕ್ರೂಡ್ರೈವರ್ ಹಿಡಿದೇ ತೋರಿಸುವುದು.

ಹಾಗೆಂದು ಈ ವಿಷಯದಲ್ಲಿ ನಾನು ಅವರ ಪರ ವಹಿಸಲಾರೆ. ವಿಡಿಯೊದಲ್ಲಿ ಕಾಣುವುದು ಯಾರದೋ ಮನೆಯ ಫರ್ನೇಸು. ನಿಮ್ಮ ಮನೆಯ ಚಿಮಣಿ ಅದರಲ್ಲಿ ಕಾಣುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಅಲ್ಲಿನ ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಫರ್ನೇಸು, ನೀರು ಕಾಯಿಸುವ ವಾಟರ್ ಹೀಟರು ಎರಡರ ಹೊಗೆಯೂ ಒಂದೇ ಚಿಮಣಿಯಲ್ಲಿ ಹೋಗುತ್ತದೆ. ಇಂಧನ ಉಳಿಸುವ ಹೊಸ ಫರ್ನೇಸುಗಳ ಹೊಗೆ ಪ್ಲಾಸ್ಟಿಕ್ ಕೊಳವೆಯಲ್ಲಿ ಗೋಡೆಯ ಪಕ್ಕಕ್ಕೆ ಹೋಗುತ್ತದೆ. ಆಗ ಅಷ್ಟು ದೊಡ್ಡ ಚಿಮಣಿಯಲ್ಲಿ ವಾಟರ್ ಹೀಟರ್ ಒಂಟಿಯಾಗುತ್ತದೆ. ಅದರ ಅಲ್ಪ ಬಿಸಿಗೆ ಚಿಮಣಿ ಕಾಯದೆ, ಹೊಗೆ ಮೇಲೇರದೆ ಮನೆಯೊಳಕ್ಕೇ ಹಿಂತಿರುಗಬಹುದು. ಫರ್ನೇಸ್ ಚೊಕ್ಕಟವಾಗಿ ಕೂತಿದೆ, ಅಪಾಯ ಪಕ್ಕದ ಯಂತ್ರದಿಂದ ಬಂದಿದೆ! ಇದನ್ನು ಊಹಿಸುವುದಕ್ಕೆ ಜಾಣತನ ಸಾಲದು, ಕಸುಬಿನ ಅನುಭವ ಬೇಕು. ಗ್ಯಾಸಿನ ಒತ್ತಡ ಅಳೆಯಬೇಕು, ಹೊಗೆಯನ್ನು ಉಪಕರಣದಿಂದ ಪರೀಕ್ಷಿಸಬೇಕು, ಮನೆಯ ಅಳತೆಗೆ ತಕ್ಕ ಫರ್ನೇಸ್ ಆರಿಸಬೇಕು. ಊರಿನ ಆಡಳಿತದಿಂದ ಪರ್ಮಿಟ್ ಪಡೆದು ಕೆಲಸ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಬಂದು ನೋಡಬೇಕು. ಲೈಸೆನ್ಸ್ ಇಲ್ಲದವರು ಕೂರಿಸಿದರೆ ಅನೇಕ ಕಂಪನಿಗಳು ವಾರಂಟಿಯನ್ನೂ ಕೊಡುವುದಿಲ್ಲ.

ಇದನ್ನೆಲ್ಲ ವಾದದ ಹಾಗೆ ಅವರ ಮುಂದೆ ಇಡಬೇಡಿ. ಮಧ್ಯರಾತ್ರಿಯಂತೂ ಬೇಡವೇ ಬೇಡ. ರಜೆಯ ದಿನ ತಿಂಡಿ ಆದ ಮೇಲೆ, ಮಗು ಮಲಗಿರುವಾಗ ಕೂತು ಹೇಳಿ: “ರೀ, ನಿಮ್ಮ ಕೈಲಿ ಆಗಲ್ಲ ಅಂತ ಹೇಳ್ತಿಲ್ಲ. ನನಗೆ ರಾತ್ರಿ ನಿದ್ದೆ ಬರ್ತಿಲ್ಲ. ಇದೊಂದರಲ್ಲಿ ನನ್ನ ಜೊತೆ ನಿಲ್ಲಿ.” ಅವರ ಜಾಣತನವನ್ನು ಪ್ರಶ್ನಿಸದೆ ನಿಮ್ಮ ಕಷ್ಟವನ್ನಷ್ಟೇ ಹೇಳಿದರೆ ಕೇಳಿಸಿಕೊಳ್ಳುವುದು ಅವರಿಗೂ ಸುಲಭ.

ಆಮೇಲೆ ಕೆಲಸ ಹಂಚಿಕೊಳ್ಳಿ. ಗ್ಯಾಸ್ ಪೈಪು, ಉರಿ, ಹೊಗೆಯ ಕೊಳವೆ, ಈ ಮೂರಕ್ಕೆ ಲೈಸೆನ್ಸ್ ಇರುವವರೇ ಬರಲಿ. ಮೊದಲು ಈಗಿರುವ ಫರ್ನೇಸನ್ನೇ ತಪಾಸಣೆ ಮಾಡಿಸಿ. ಹದಿನೈದಿಪ್ಪತ್ತು ವರ್ಷ ಇವುಗಳ ಸಾಮಾನ್ಯ ಆಯಸ್ಸು, ಆದರೆ ಹಳೆಯದೆಂಬ ಒಂದೇ ಕಾರಣಕ್ಕೆ ಎಸೆಯಬೇಕಾಗಿಲ್ಲ. ಅದು ಇನ್ನೊಂದು ಚಳಿಗಾಲ ಬಾಳಿಕೆ ಬಂದರೆ ಹಣ ಹೊಂದಿಸಲು ಸಮಯ ಸಿಗುತ್ತದೆ. ಬದಲಾಯಿಸಲೇಬೇಕೆಂದರೆ ಮೂರು ಕಡೆ ದರ ಕೇಳಿ, ಗ್ಯಾಸ್ ಪೂರೈಸುವ ಕಂಪನಿಯಲ್ಲಿ ರಿಯಾಯಿತಿ ಇದೆಯೇ ವಿಚಾರಿಸಿ. ನಿಮ್ಮವರ ಕೈಗೂ ಬೇಕಾದಷ್ಟು ಕೆಲಸವಿದೆ. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಫಿಲ್ಟರ್ ನೋಡಿ, ಕೊಳೆಯಾಗಿದ್ದರೆ ಬದಲಾಯಿಸಲಿ. ಅದರ ಮೇಲಿನ ಬಾಣ ಗಾಳಿ ಹೋಗುವ ಕಡೆಗೆ, ಅಂದರೆ ಫರ್ನೇಸಿನತ್ತ, ಇರಬೇಕು. ಪೇಂಟ್ ಡಬ್ಬ, ಪೆಟ್ರೋಲು, ಹಳೆ ಬಟ್ಟೆಯ ಗಂಟುಗಳನ್ನು ಅದರ ಹತ್ತಿರದಿಂದ ತೆಗೆಸಿ. ಹೊಸ ಫರ್ನೇಸ್ ಬಂದ ಮೇಲೆ, ಹಿಮ ಬಿದ್ದಾಗಲೆಲ್ಲ ಗೋಡೆಯ ಹೊರಗಿನ ಕೊಳವೆಯ ಬಾಯಿ ಮುಚ್ಚಿಲ್ಲವೇ ಎಂದು ನೋಡುವುದೂ ಅವರ ಪಾಲಿಗೆ.

ಅಲಾರ್ಮ್ ಕೂಗಿದರೆ ಏನು ಮಾಡಬೇಕೆಂದು ಇಬ್ಬರೂ ಈಗಲೇ ಮಾತಾಡಿಕೊಳ್ಳಿ. ಮಗುವನ್ನೆತ್ತಿಕೊಂಡು ಹೊರಗೆ ಬನ್ನಿ, ಅಲ್ಲಿಂದ 911ಕ್ಕೆ ಕರೆ ಮಾಡಿ, ಅವರು ಸರಿ ಎನ್ನುವ ತನಕ ಒಳಗೆ ಹೋಗಬೇಡಿ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಅಲಾರ್ಮ್ ಸುಮ್ಮನಿದ್ದರೂ ಹೀಗೇ ಮಾಡಿ. ಗ್ಯಾಸ್ ವಾಸನೆ ಬಂದರೆ ಲೈಟಿನ ಸ್ವಿಚ್ಚನ್ನೂ ಮುಟ್ಟದೆ ಹೊರಬಿದ್ದು, ಫೋನ್ ಹೊರಗಿನಿಂದಲೇ ಮಾಡಿ.

ಇಷ್ಟಾದ ಮೇಲೂ ರಾತ್ರಿ ಎದೆ ಡವಗುಟ್ಟುತ್ತಿದ್ದರೆ, ಮತ್ತೆಮತ್ತೆ ಮಗುವಿನ ಉಸಿರು ನೋಡದೆ ಇರಲಾಗದಿದ್ದರೆ ನಿಮ್ಮ ವೈದ್ಯರಿಗೆ ಹೇಳಿ. ಹೆರಿಗೆಯ ನಂತರ ಕೆಲವರಲ್ಲಿ ಆತಂಕ ಬೇರೂರಿ ಕೂರುತ್ತದೆ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಬಾಣಂತಿಯರಿಗೆ, ಎಳೆ ಮಕ್ಕಳ ತಾಯಂದಿರಿಗೆಂದೇ ಅಮೆರಿಕದಲ್ಲಿ ಹಗಲುರಾತ್ರಿ ಉಚಿತವಾಗಿ ಮಾತಾಡುವ ಸಹಾಯವಾಣಿ ಇದೆ: 1-833-852-6262. ಅಮ್ಮನಿಗೂ ಪೂರ್ತಿ ಮುಚ್ಚಿಡಬೇಡಿ. ಅಲಾರ್ಮ್ ಹಾಕಿಸಿದ ಮೇಲೆ ಫೋನ್ ಮಾಡಿ ಹೇಳಿ. ಆಗ ಅವರೂ ನಿದ್ದೆ ಮಾಡುತ್ತಾರೆ.

ಇದನ್ನು ಓದುತ್ತಿರುವ ಉಳಿದವರಿಗೆ ಎರಡು ಮಾತು. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಎಣ್ಣೆಯ ಫರ್ನೇಸ್ ಇರುವ ಮನೆಯವರು, ಅದು ಆರಿಹೋದಾಗ ಕೆಂಪು ಗುಂಡಿಯನ್ನು ಒಂದು ಸಲಕ್ಕಿಂತ ಹೆಚ್ಚು ಒತ್ತಬೇಡಿ. ಉರಿಯದ ಎಣ್ಣೆ ಒಳಗೆ ತುಂಬಿ, ಹತ್ತಿದಾಗ ಒಮ್ಮೆಲೇ ಭುಗಿಲೇಳುತ್ತದೆ. ಕರ್ನಾಟಕದಲ್ಲಿ ಕಿಟಕಿ ಮುಚ್ಚಿದ ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರ್ ಇಟ್ಟುಕೊಂಡವರಿಗೂ ಇದೇ ಕಾರ್ಬನ್ ಮೊನಾಕ್ಸೈಡಿನ ಅಪಾಯವಿದೆ. ಗೀಸರನ್ನೂ ಸಿಲಿಂಡರನ್ನೂ ಗಾಳಿಯಾಡುವ ಹೊರಜಾಗಕ್ಕೆ ಈ ವಾರವೇ ಹಾಕಿಸಿಕೊಳ್ಳಿ. ಸಿಲಿಂಡರ್ ಗ್ಯಾಸ್ ಸೋರಿದರೆ ಕರೆ ಮಾಡಬೇಕಾದ ಸಂಖ್ಯೆ 1906.