ಮಗುವಿನ ಅಂಗದಾನ: ಹೆತ್ತವರು ತಿಳಿದಿರಬೇಕಾದದ್ದು



ದೊಡ್ಡವರು ತಮ್ಮ ಅಂಗಗಳನ್ನು ದಾನ ಮಾಡುವೆವೆಂದು ಬದುಕಿರುವಾಗಲೇ ಬರೆದಿಡಬಹುದು. ಮಗು ಹಾಗೆ ಹೇಳಲಾರದು. ಮರದಿಂದ ಬಿದ್ದೋ ರಸ್ತೆ ಅಪಘಾತದಲ್ಲೋ ತಲೆಗೆ ಪೆಟ್ಟಾದ ಮಗುವಿನ ಹಾಸಿಗೆಯ ಬಳಿ ನಿಂತು ಉತ್ತರ ಕೊಡಬೇಕಾದವರು ತಂದೆತಾಯಿಯೇ. ಆ ಗಳಿಗೆ ಬರುವ ಮೊದಲೇ ಮನೆಯಲ್ಲಿ ಈ ಮಾತು ಆಗಿದ್ದರೆ ಒಳ್ಳೆಯದೆಂದು ಇದನ್ನು ಬರೆಯುತ್ತಿದ್ದೇವೆ.

1992ರ ಮಾರ್ಚಿನಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ತೆರೆಸಾ ಎಂಬ ಹೆಣ್ಣುಮಗು ಹುಟ್ಟಿತು. ಅದರ ಮಿದುಳಿನ ಮೇಲ್ಭಾಗ ಬೆಳೆದಿರಲಿಲ್ಲ. ಮಿದುಳಿನ ಕಾಂಡ ಮಾತ್ರ ಕೆಲಸ ಮಾಡುತ್ತಿತ್ತು. ಮಗು ಉಳಿಯುವುದಿಲ್ಲವೆಂದು ಹೆತ್ತವರಿಗೆ ಹೆರಿಗೆಗೆ ಮುಂಚೆಯೇ ಗೊತ್ತಿತ್ತು. ಅದರ ಅಂಗಗಳಿಂದ ಬೇರೆ ಮಕ್ಕಳಾದರೂ ಬದುಕಲಿ ಎಂದು, ಮಗು ಸತ್ತಿದೆಯೆಂದೇ ಘೋಷಿಸುವಂತೆ ಅವರು ನ್ಯಾಯಾಲಯವನ್ನು ಕೇಳಿದರು. ನ್ಯಾಯಾಲಯ ಒಪ್ಪಲಿಲ್ಲ. ಒಂಬತ್ತು ದಿನಕ್ಕೆ ಮಗು ತೀರಿಕೊಂಡಿತು. ಅಷ್ಟರಲ್ಲಿ ಅಂಗಗಳು ಕೆಟ್ಟು ಯಾರಿಗೂ ಒದಗಲಿಲ್ಲ.

ಆ ತಾಯಿಯನ್ನು ನಾವು ದೂರುವುದಿಲ್ಲ. ಆಕೆಯ ಮನಸ್ಸು ದೊಡ್ಡದು. ಆದರೂ ತೀರ್ಪೇ ಸರಿಯೆಂದು ನಮ್ಮ ಅಭಿಪ್ರಾಯ. ಸಾಯುವುದು ಖಚಿತ ಎನ್ನುವುದು ಬೇರೆ, ಸತ್ತಿದೆ ಎನ್ನುವುದು ಬೇರೆ. ಒಂಬತ್ತೇ ದಿನದ ಬಾಳಾದರೂ ಅದು ಆ ಮಗುವಿನದು. ಇನ್ನೊಬ್ಬರ ಒಳ್ಳೆಯದಕ್ಕಾಗಿ ಅದನ್ನು ಮೊಟಕು ಮಾಡುವ ಅಧಿಕಾರ ಹೆತ್ತವರಿಗೂ ಇಲ್ಲ. ಜಗದ್ಗುರು ಎರಡನೇ ಜಾನ್ ಪೌಲರು 2000ದಲ್ಲಿ ರೋಮಿನಲ್ಲಿ ಅಂಗಕಸಿ ವೈದ್ಯರ ಸಮ್ಮೇಳನದಲ್ಲಿ ಮಾತಾಡುತ್ತಾ ಅಂಗದಾನವನ್ನು ಪ್ರೀತಿಯ ಕಾರ್ಯವೆಂದು ಹೊಗಳಿದರು. ಆದರೆ ಹೃದಯದಂಥ ಅಂಗವನ್ನು ಮರಣ ಖಚಿತವಾದ ಮೇಲೆ ಮಾತ್ರ ತೆಗೆಯಬಹುದೆಂದರು.

ಭಾರತದ 1994ರ ಕಾನೂನು ಸಹ ಇದೇ ದಾರಿಯದು. ಮಿದುಳಿನ ಕಾಂಡ ಸತ್ತಿದೆಯೆಂದು ನಾಲ್ವರು ವೈದ್ಯರು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು. ತೀರ ಚಿಕ್ಕ ಮಕ್ಕಳಲ್ಲಿ ವೈದ್ಯರು ಇನ್ನೂ ಹೆಚ್ಚು ಕಾಯುತ್ತಾರೆ. ಅಂಗಕಸಿ ಮಾಡುವವರು ಆ ನಾಲ್ವರಲ್ಲಿ ಇರಕೂಡದು. ಯಂತ್ರದಿಂದಾಗಿ ಎದೆ ಏರಿಳಿಯುತ್ತದೆ, ಮೈ ಬೆಚ್ಚಗಿರುತ್ತದೆ, ತಾಯಿಗೆ ನಂಬಲಾಗದು. ಅರ್ಥವಾಗುವ ತನಕ ಕೇಳಿರಿ, ಸಂಕೋಚ ಬೇಡ. ಕೋಮಾದಲ್ಲಿರುವ ಮಗು ಮಾತ್ರ ಸತ್ತ ಮಗುವಲ್ಲ.

ಹದಿನೆಂಟು ತುಂಬದ ಮಗುವಾದರೆ ತಂದೆತಾಯಿಯರಲ್ಲಿ ಒಬ್ಬರ ಸಹಿ ಸಾಕೆನ್ನುತ್ತದೆ ಕಾನೂನು. ಇಬ್ಬರೂ ಕೂಡಿ ತೀರ್ಮಾನಿಸುವುದೇ ಮೇಲು. ಅಂಗಕ್ಕೆ ಹಣ ಪಡೆಯುವುದು ಅಪರಾಧ. ಬೇಡವೆನಿಸಿದರೆ ಬೇಡ ಎನ್ನಿರಿ, ಅದು ಪಾಪವಲ್ಲ. ಇನ್ನು ಬದುಕಿರುವ ಮಗುವಿನ ಮೂತ್ರಪಿಂಡವನ್ನು ಅಣ್ಣನಿಗೋ ಅಪ್ಪನಿಗೋ ಕೊಡಿಸಲು ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ.

ಮನೆಯಲ್ಲೇ ಮರಣವಾದರೆ ಹೃದಯ, ಯಕೃತ್ತು ಉಪಯೋಗಕ್ಕೆ ಬರುವುದಿಲ್ಲ. ಕಣ್ಣುಗಳನ್ನು ಆರು ಗಂಟೆಯೊಳಗೆ ಕೊಡಬಹುದು. ಫ್ಯಾನ್ ನಿಲ್ಲಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು ನೇತ್ರಬ್ಯಾಂಕಿಗೆ ಫೋನ್ ಮಾಡಿರಿ. ಮಗು ತೀರ ಚಿಕ್ಕದಾಗಿದ್ದರೆ ಕಣ್ಣು ಕಸಿಗೆ ಬರುವುದೋ ಇಲ್ಲವೋ ಎಂದು ಅವರೇ ಹೇಳುತ್ತಾರೆ.