ಹಿತ್ತಲಿನ ನಾಟಿ ಕೋಳಿ: ಹುಂಜದ ಆಯ್ಕೆ, ವಿನಿಮಯ ಮತ್ತು ಮರಿ ಮಾಡಿಸುವ ಕ್ರಮ

ಎಂಟು ಹತ್ತು ನಾಟಿ ಕೋಳಿಗಳನ್ನು ಸಾಕುವ ಮನೆಗಳಲ್ಲಿ ಕೆಲವು ವರ್ಷಗಳು ಕಳೆದ ಮೇಲೆ ಒಂದು ಬದಲಾವಣೆ ಕಂಡುಬರುವುದುಂಟು. ಮೊದಲು ಹನ್ನೆರಡು ಮೊಟ್ಟೆಗೆ ಹತ್ತು ಮರಿ ಮಾಡುತ್ತಿದ್ದ ಮನೆಯ ಕೋಳಿಗಳು ಆರೇಳು ಮರಿಗೆ ಇಳಿಯುತ್ತವೆ. ಒಡೆದ ಮರಿಗಳಲ್ಲಿ ಕೆಲವು ಮಂಕಾಗಿ ಉಳಿದು ವಾರದೊಳಗೆ ಸಾಯುತ್ತವೆ. ಬದುಕಿದವು ನಿಧಾನವಾಗಿ ಬೆಳೆಯುತ್ತವೆ. ಮನೆಯವರು ಇದನ್ನು ಕಾಲದ ದೋಷವೆಂದೋ, ಕಣ್ಣು ಬಿದ್ದಿತೆಂದೋ ಭಾವಿಸಿ ಸುಮ್ಮನಾಗುತ್ತಾರೆ. ಮೇವು, ರೋಗ, ಬಿಸಿಲು ಇವುಗಳಿಂದಲೂ ಹೀಗಾಗಬಹುದು. ಆದರೆ ಮೇವು ಮತ್ತು ಆರೈಕೆ ಮೊದಲಿನಂತೆಯೇ ಇದ್ದು ಫಲ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ಕಾರಣವನ್ನು ಹುಂಜದಲ್ಲಿ ಹುಡುಕಬೇಕಾಗುತ್ತದೆ. ತಂದೆ, ಮಗ, ಮೊಮ್ಮಗ ಹೀಗೆ ಒಂದೇ ವಂಶದ ಹುಂಜಗಳು ತಮ್ಮ ಅಕ್ಕತಂಗಿಯರ ಮತ್ತು ಹೆಣ್ಣುಮಕ್ಕಳ ಜೊತೆಯಲ್ಲೇ ಕೂಡುತ್ತ ಬಂದಿರುತ್ತವೆ. ಹಣ ಖರ್ಚಿಲ್ಲದೆ ಇದನ್ನು ಸರಿಪಡಿಸುವ ಬಗೆಯನ್ನು ತಿಳಿಸುವುದು ಈ ಪಾಠದ ಉದ್ದೇಶ.

ನಾಟಿ ಕೋಳಿಯನ್ನು ಏಕೆ ಉಳಿಸಬೇಕು?

2019ರ 20ನೆಯ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿತ್ತಲಿನಲ್ಲಿ ಸಾಕುವ ಕೋಳಿ ಮುಂತಾದ ಪಕ್ಷಿಗಳ ಸಂಖ್ಯೆ ಸುಮಾರು 31.7 ಕೋಟಿ. ಇದು 2012ರ ಗಣತಿಗಿಂತ ಸುಮಾರು ಶೇ. 46ರಷ್ಟು ಹೆಚ್ಚು. ಈ ಕೋಳಿಗಳ ಪಾಲನೆ ಬಹುತೇಕ ಮನೆಯ ಹೆಣ್ಣುಮಕ್ಕಳ ಕೈಯಲ್ಲಿದೆ. ಶಾಲೆಯ ಖರ್ಚಿಗೋ ಔಷಧಿಗೋ ತುರ್ತಾಗಿ ಹಣ ಬೇಕಾದಾಗ ಮಾರಲು ಸಿಗುವುದು ಒಂದು ಹುಂಜ ಅಥವಾ ಹತ್ತು ಮೊಟ್ಟೆ.

ನಾಟಿ ಹೇಂಟೆಯು ವರ್ಷಕ್ಕೆ ಸುಮಾರು 50ರಿಂದ 60 ಮೊಟ್ಟೆಗಳನ್ನು ಮಾತ್ರ ಇಡುತ್ತದೆ. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಲಾದ ಗಿರಿರಾಜ, ಸ್ವರ್ಣಧಾರಾ ತಳಿಗಳು ಇದಕ್ಕಿಂತ ಬಹಳ ಹೆಚ್ಚು ಮೊಟ್ಟೆ ನೀಡುತ್ತವೆ ಮತ್ತು ಬೇಗ ತೂಕ ಪಡೆಯುತ್ತವೆ. ಆದಾಯದ ದೃಷ್ಟಿಯಿಂದ ಅವುಗಳನ್ನು ಸಾಕುವುದರಲ್ಲಿ ತಪ್ಪಿಲ್ಲ. ಆದರೆ ಅವು ಕಾವಿಗೆ ಕೂರುವುದು ಅಪರೂಪ. ಮರಿಗಳನ್ನು ಮತ್ತೆ ಮತ್ತೆ ಹೊರಗಿನಿಂದ ತರಬೇಕಾಗುತ್ತದೆ. ನಾಟಿ ಹೇಂಟೆಯು ತಾನೇ ಕಾವು ಕೂತು, ಮರಿಗಳನ್ನು ಹದ್ದಿನಿಂದ ಕಾಯ್ದು, ಕೆದಕಿ ತಿನ್ನುವುದನ್ನು ಕಲಿಸುತ್ತದೆ. ಯಂತ್ರವಿಲ್ಲದ, ವಿದ್ಯುತ್ ನಿಶ್ಚಿತವಿಲ್ಲದ ಮನೆಗೆ ಈ ಗುಣವೇ ಬಂಡವಾಳ. ಎರಡು ಬಗೆಯ ಕೋಳಿಗಳನ್ನು ಒಟ್ಟಿಗೆ ಬಿಟ್ಟರೆ ಕೆಲವೇ ತಲೆಮಾರುಗಳಲ್ಲಿ ಕಾವು ಕೂರುವ ಗುಣ ಮಂದೆಯಿಂದ ಕಳೆದುಹೋಗುವ ಸಂಭವವಿದೆ. ಆದ್ದರಿಂದ ಸುಧಾರಿತ ತಳಿಯನ್ನು ಸಾಕುವವರು ಅದರ ಹುಂಜಗಳನ್ನು ನಾಟಿ ಹೇಂಟೆಗಳಿಂದ ದೂರವಿಡುವುದು ಲೇಸು.

ಹೀಗೆ ಕಳೆದುಕೊಳ್ಳುವ ಹಂತಕ್ಕೆ ಬಂದು ಎಚ್ಚೆತ್ತುಕೊಂಡ ದೇಶಗಳೂ ಇವೆ. ಯುರೋಪಿನ ಐಸ್‌ಲೆಂಡ್ ದ್ವೀಪದ ನಾಟಿ ಕೋಳಿಯು ಸಾವಿರ ವರ್ಷಗಳಿಗೂ ಹಿಂದೆ ಅಲ್ಲಿಗೆ ವಲಸೆ ಹೋದವರ ಜೊತೆ ಹೋದದ್ದು. ಚಳಿಯನ್ನು ತಡೆಯುವ, ಮೇವನ್ನು ತಾನೇ ಹುಡುಕಿಕೊಳ್ಳುವ, ಮರಿಗಳನ್ನು ತಾನೇ ಬೆಳೆಸುವ ಕೋಳಿ ಅದು. ಇಪ್ಪತ್ತನೆಯ ಶತಮಾನದಲ್ಲಿ ಹೆಚ್ಚು ಮೊಟ್ಟೆಯಿಡುವ ವಿದೇಶಿ ತಳಿಗಳು ಬಂದಾಗ ಅದು ಬಹುತೇಕ ಮರೆಯಾಯಿತು. 1970ರ ದಶಕದಲ್ಲಿ ಬೇರೆ ಬೇರೆ ಕಡೆ ರೈತರ ಮನೆಗಳಲ್ಲಿ ಅಳಿದುಳಿದಿದ್ದ ಕೋಳಿಗಳನ್ನು ಹುಡುಕಿ ತಂದು ವಂಶವನ್ನು ಮತ್ತೆ ಬೆಳೆಸಲಾಯಿತು. ಸಣ್ಣ ಸಣ್ಣ ಹಿತ್ತಲುಗಳು ಉಳಿಸಿಕೊಂಡಿದ್ದರಿಂದಲೇ ಆ ಕಾರ್ಯ ಸಾಧ್ಯವಾಯಿತು. ನಮ್ಮ ಹಳ್ಳಿಗಳಲ್ಲಿ ನಾಟಿ ಕೋಳಿ ಇನ್ನೂ ಧಾರಾಳವಾಗಿರುವಾಗಲೇ ಕ್ರಮವಾಗಿ ಉಳಿಸಿಕೊಳ್ಳುವುದು ಅದಕ್ಕಿಂತ ಸುಲಭ.

ಒಂದೇ ಹುಂಜದ ಅಪಾಯ

ಎಂಟರಿಂದ ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಮೊಟ್ಟೆ ಕೂಡಿಕಟ್ಟಲು ಈ ಪ್ರಮಾಣ ಸರಿಯಾದುದೇ. ಆದರೆ ವಂಶದ ದೃಷ್ಟಿಯಿಂದ ನೋಡಿದರೆ, ಮುಂದಿನ ತಲೆಮಾರಿನ ಎಲ್ಲ ಮರಿಗಳಿಗೂ ಒಂದೇ ತಂದೆ. ಅವುಗಳಲ್ಲೇ ಒಂದನ್ನು ಹುಂಜವಾಗಿ ಇಟ್ಟುಕೊಂಡರೆ ಅದು ತನ್ನ ಅಕ್ಕತಂಗಿಯರನ್ನೇ ಕೂಡುತ್ತದೆ.

ತಳಿಶಾಸ್ತ್ರದ ಲೆಕ್ಕದಂತೆ, ಹೊರಗಿನ ಹುಂಜ ಬಾರದೆ ಒಂದು ಹುಂಜ ಹಾಗೂ ಎಂಟು ಹೇಂಟೆಗಳಿಂದಲೇ ಮುಂದುವರಿಯುವ ಮಂದೆಯಲ್ಲಿ ಒಳಸಂಕರ, ಎಂದರೆ ರಕ್ತಸಂಬಂಧದ ಕೂಡುವಿಕೆಯ ಪ್ರಮಾಣ, ಪ್ರತಿ ತಲೆಮಾರಿಗೆ ಸುಮಾರು ಶೇ. 14ರಷ್ಟು ಏರುತ್ತದೆ. ಇಂಥವೇ ಐದು ಮನೆಗಳ ಐದು ಹುಂಜ ಮತ್ತು ನಲವತ್ತು ಹೇಂಟೆಗಳು ಒಂದೇ ಮಂದೆಯಂತೆ ನಡೆದರೆ ಈ ಏರಿಕೆ ಸುಮಾರು ಶೇ. 3ಕ್ಕೆ ಇಳಿಯುತ್ತದೆ. ಮನೆಗೊಂದು ಕೋಳಿಯೂ ಹೆಚ್ಚಾಗದೆ, ಮನೆಗಳು ಕೂಡಿಕೊಂಡದ್ದರಿಂದಲೇ ಬರುವ ವ್ಯತ್ಯಾಸವಿದು. ಒಳಸಂಕರ ಹೆಚ್ಚಿದಂತೆ ಮೊಟ್ಟೆ ಒಡೆಯುವ ಪ್ರಮಾಣ, ಮರಿಗಳ ಉಳಿವು ಮತ್ತು ಬೆಳವಣಿಗೆ ಮೂರೂ ಕುಗ್ಗುತ್ತವೆ.

ಹುಂಜದ ಆಯ್ಕೆ

ಸಾಮಾನ್ಯವಾಗಿ ಹುಂಜದ ಆಯ್ಕೆಯನ್ನು ಮಾಡುವುದು ಮನೆಯವರಲ್ಲ, ಮಾರುಕಟ್ಟೆ. ಯುಗಾದಿಯ ಮರುದಿನದ ಹೊಸತೊಡಕಿಗೋ, ಊರ ಮಾರಿಹಬ್ಬಕ್ಕೋ ಒಳ್ಳೆಯ ಬೆಲೆ ಬರುತ್ತದೆಂದು ಎಲ್ಲಕ್ಕಿಂತ ದಪ್ಪನೆಯ, ಚುರುಕಾದ ಹುಂಜವನ್ನು ಮಾರಲಾಗುತ್ತದೆ. ಯಾರೂ ಕೊಳ್ಳದ ಬಡಕಲು ಹುಂಜ ಮನೆಯಲ್ಲಿ ಉಳಿದು ಮುಂದಿನ ಮರಿಗಳಿಗೆಲ್ಲ ತಂದೆಯಾಗುತ್ತದೆ. ಹೀಗೆ ಪ್ರತಿ ಹಬ್ಬವೂ ಮಂದೆಯನ್ನು ಒಂದು ಮೆಟ್ಟಿಲು ಕೆಳಗಿಳಿಸುತ್ತದೆ.

ಇದನ್ನು ತಪ್ಪಿಸಲು, ಮರಿಗಳು ಮೂರು ತಿಂಗಳು ತುಂಬಿದಾಗಲೇ ಅತ್ಯುತ್ತಮವಾದ ಎರಡು ಗಂಡುಗಳನ್ನು ಗುರುತಿಸಿ, ಕಾಲಿಗೆ ಬಣ್ಣದ ದಾರ ಕಟ್ಟಬೇಕು. ಒಂದು ವಂಶಕ್ಕೆ, ಇನ್ನೊಂದು ಅಪಾಯಕಾಲಕ್ಕೆ. ದಾರ ಕಟ್ಟಿದ ಹುಂಜವನ್ನು ಎಷ್ಟೇ ಬೆಲೆ ಬಂದರೂ ಮಾರಬಾರದು. ಕಾಲು ಬೆಳೆದಂತೆ ದಾರ ಬಿಗಿಯದಂತೆ ಸಡಿಲಿಸುತ್ತಿರಬೇಕು. ಉಳಿದ ಗಂಡುಗಳು ಕೂಡುವ ವಯಸ್ಸಿಗೆ ಬರುವ ಮೊದಲು, ನಾಲ್ಕು ತಿಂಗಳ ಸುಮಾರಿಗೆ, ಅವನ್ನು ಮಾರಬೇಕು ಇಲ್ಲವೇ ಬೇರೆಯಾಗಿ ಕೂಡಿಹಾಕಬೇಕು.

ಆಯ್ಕೆಯಲ್ಲಿ ಮೈಬಣ್ಣಕ್ಕಿಂತ ಮುಖ್ಯವಾದವು ಇವು: ನೇರವಾದ ಕಾಲು ಮತ್ತು ಬೆರಳು, ವಕ್ರವಿಲ್ಲದ ಕೊಕ್ಕು, ಹೊಳೆಯುವ ಕಣ್ಣು, ಅಗಲವಾದ ಎದೆ, ಬಾಲ್ಯದಲ್ಲಿ ರೋಗಕ್ಕೆ ತುತ್ತಾಗದಿರುವುದು. ಎಲ್ಲಕ್ಕಿಂತ ಮಿಗಿಲಾಗಿ ತಾಯಿಯನ್ನು ನೋಡಬೇಕು. ಹೆಚ್ಚು ಮರಿಗಳನ್ನು ಎಂಟು ವಾರದವರೆಗೆ ಉಳಿಸಿದ ಹೇಂಟೆಯ ಮಗನೇ ಆಯ್ಕೆಗೆ ಯೋಗ್ಯ. ಮನುಷ್ಯರ ಮೇಲೆ, ಅದರಲ್ಲೂ ಮಕ್ಕಳ ಮೇಲೆ ಎರಗುವ ಹುಂಜವನ್ನು ವಂಶಕ್ಕೆ ಉಳಿಸಿಕೊಳ್ಳಬಾರದು.

ಐದು ಮನೆಗಳ ವಿನಿಮಯ ಪದ್ಧತಿ

ಒಂದೇ ಊರಿನ ಅಥವಾ ಸ್ವಸಹಾಯ ಸಂಘದ ಐದು ಮನೆಯವರು ಒಪ್ಪಂದ ಮಾಡಿಕೊಳ್ಳಬೇಕು. ವರ್ಷಕ್ಕೊಮ್ಮೆ ಮೊದಲನೆಯ ಮನೆಯಲ್ಲಿ ಹುಟ್ಟಿ ಆಯ್ಕೆಯಾದ ಎಳೆಯ ಹುಂಜ ಎರಡನೆಯ ಮನೆಗೆ, ಎರಡನೆಯದು ಮೂರನೆಯದಕ್ಕೆ, ಹೀಗೆ ಸಾಗಿ ಐದನೆಯ ಮನೆಯ ಹುಂಜ ಮೊದಲನೆಯ ಮನೆಗೆ ಬರಬೇಕು. ಹೇಂಟೆಗಳು ಹುಟ್ಟಿದ ಮನೆಯಲ್ಲೇ ಉಳಿಯಬೇಕು. ಈ ಸುತ್ತು ಯಾವಾಗಲೂ ಒಂದೇ ದಿಕ್ಕಿನಲ್ಲಿ ನಡೆಯಬೇಕು, ಹಿಂದಕ್ಕೆ ತಿರುಗಬಾರದು. ಹಳೆಯ ಹುಂಜವು ತನ್ನ ಹೆಣ್ಣುಮಕ್ಕಳು ಮೊಟ್ಟೆಗೆ ಬರುವ ಮೊದಲು, ಎಂದರೆ ಅವು ಆರು ತಿಂಗಳು ತುಂಬುವುದರೊಳಗೆ, ಮನೆಯಿಂದ ಹೊರಹೋಗಬೇಕು.

ಈ ಪದ್ಧತಿಯಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಅಕ್ಕಪಕ್ಕದ ಮನೆಗಳ ಹುಂಜಗಳು ಬೇಲಿ ದಾಟಿ ಬೆರೆಯುವುದರಿಂದ ಐದು ಮನೆಗಳು ಬೇರೆ ಬೇರೆ ಬೀದಿಗಳಲ್ಲಿದ್ದರೆ ಉತ್ತಮ. ಎರಡನೆಯದಾಗಿ, ಹುಂಜದ ಜೊತೆ ರೋಗವೂ ಬರಬಹುದು. ಲಸಿಕೆ ಹಾಕಿಸಿದ ಹುಂಜವನ್ನೇ ಪಡೆದು, ಹದಿನಾಲ್ಕು ದಿನ ಪ್ರತ್ಯೇಕವಾಗಿಟ್ಟು, ಆರೋಗ್ಯವನ್ನು ಖಚಿತಪಡಿಸಿಕೊಂಡು ಮಂದೆಗೆ ಬಿಡಬೇಕು. ಮೂರನೆಯದಾಗಿ, ಹಳೆಯ ಹುಂಜ ಹೋದ ಮೇಲೂ ಅದರ ವೀರ್ಯವು ಹೇಂಟೆಯ ದೇಹದಲ್ಲಿ ಎರಡು ವಾರಗಳಷ್ಟು ಕಾಲ ಉಳಿಯುತ್ತದೆ. ಆದ್ದರಿಂದ ಹೊಸ ಹುಂಜ ಬಿಟ್ಟ ಮೂರು ವಾರಗಳ ನಂತರದ ಮೊಟ್ಟೆಗಳನ್ನು ಮಾತ್ರ ಕಾವಿಗೆ ಇಡಬೇಕು. ಅದುವರೆಗಿನ ಮೊಟ್ಟೆಗಳನ್ನು ಮನೆಯ ಮಕ್ಕಳಿಗೆ ಕೊಡಬಹುದು.

ಮೊಟ್ಟೆ ಸಂಗ್ರಹ ಮತ್ತು ಕಾವು

ಕಾವಿಗೆ ಇಡುವ ಮೊಟ್ಟೆ ಏಳು ದಿನಗಳಿಗಿಂತ ಹಳೆಯದಾಗಿರಬಾರದು. ಮಧ್ಯಮ ಗಾತ್ರದ, ಬಿರುಕಿಲ್ಲದ ಮೊಟ್ಟೆಗಳನ್ನು ಆರಿಸಿ, ಚೂಪಾದ ತುದಿ ಕೆಳಗೆ ಬರುವಂತೆ ತಂಪಾದ ಸ್ಥಳದಲ್ಲಿಡಬೇಕು. ಮೊಟ್ಟೆಯನ್ನು ತೊಳೆಯಬಾರದು, ಕೊಳೆಯಾದುದನ್ನು ಅಡುಗೆಗೆ ಬಳಸಬೇಕು. ಬೇಸಿಗೆಯಲ್ಲಿ ಒದ್ದೆ ಮರಳಿನಲ್ಲಿ ಅರ್ಧ ಹೂತ ಮಡಕೆಯೊಳಗೆ ಒಣ ಹುಲ್ಲು ಹಾಸಿ ಮೊಟ್ಟೆ ಇಟ್ಟು, ಬಾಯಿಗೆ ತೆಳುವಾದ ಬಟ್ಟೆ ಕಟ್ಟಿದರೆ ಒಳಗೆ ತಂಪು ಉಳಿಯುತ್ತದೆ.

ಒಂದು ಹೇಂಟೆಯ ಮೈಕೆಳಗೆ ಹತ್ತರಿಂದ ಹನ್ನೆರಡು ಮೊಟ್ಟೆಗಳು ಸಾಕು. ಹೆಚ್ಚಿಟ್ಟರೆ ಅಂಚಿನ ಮೊಟ್ಟೆಗಳಿಗೆ ಶಾಖ ಸಾಲದು. ಬುಟ್ಟಿಗೆ ಒಣ ಹುಲ್ಲು ಹಾಸಿ ಕತ್ತಲೆಯ, ಸದ್ದಿಲ್ಲದ ಮೂಲೆಯಲ್ಲಿಡಬೇಕು. ಕಾವಿಗೆ ಕೂರಿಸುವ ಮೊದಲು ಹೇಂಟೆಯ ಮೈಯಲ್ಲಿ ಹೇನಿದೆಯೇ ಎಂದು ರೆಕ್ಕೆಯ ಅಡಿ ನೋಡಬೇಕು. ಹೇನು ಕಡಿಯುವ ಕೋಳಿ ಕಾವನ್ನು ಬಿಟ್ಟು ಏಳುತ್ತದೆ. ಹೇಂಟೆ ದಿನಕ್ಕೊಮ್ಮೆ ಎದ್ದಾಗ ಕಾಳು ಮತ್ತು ನೀರು ಹತ್ತಿರದಲ್ಲೇ ಸಿಗಬೇಕು.

ಏಳನೆಯ ರಾತ್ರಿ ಕತ್ತಲೆಯಲ್ಲಿ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದು ನೋಡಬೇಕು. ಒಳಗೆ ಕಪ್ಪು ಚುಕ್ಕೆ ಮತ್ತು ಅದರಿಂದ ಹರಡಿದ ಕೆಂಪು ಎಳೆಗಳು ಕಂಡರೆ ಮರಿ ಬೆಳೆಯುತ್ತಿದೆ ಎಂದರ್ಥ. ಪೂರ್ತಿ ತಿಳಿಯಾಗಿರುವುದು ಕೂಡಿಕಟ್ಟದ ಮೊಟ್ಟೆ, ಅದನ್ನು ತೆಗೆಯಬೇಕು. ತಿಳಿ ಮೊಟ್ಟೆಗಳು ಹೆಚ್ಚಿದ್ದರೆ ದೋಷ ಹುಂಜದಲ್ಲಿರುವ ಸಂಭವ ಹೆಚ್ಚು. ಇಪ್ಪತ್ತೊಂದನೆಯ ದಿನ ಮರಿಗಳು ಒಡೆಯುತ್ತವೆ. ಬಿರುಬಿಸಿಲಿನ ತಿಂಗಳುಗಳಿಗಿಂತ ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಮರಿ ಮಾಡಿಸಲು ಸೂಕ್ತ.

ಮರಿಗಳ ಮೊದಲ ಎಂಟು ವಾರಗಳು

ಹಿತ್ತಲಿನಲ್ಲಿ ಹೆಚ್ಚಿನ ನಷ್ಟವಾಗುವುದು ಈ ಅವಧಿಯಲ್ಲಿ. ಹದ್ದು, ಕಾಗೆ, ಮುಂಗುಸಿ, ಬೆಕ್ಕುಗಳಿಂದ ರಕ್ಷಿಸಲು ಮೊದಲ ಮೂರು ನಾಲ್ಕು ವಾರ ತಾಯಿಯನ್ನೂ ಮರಿಗಳನ್ನೂ ದೊಡ್ಡ ಬುಟ್ಟಿಯ ಅಡಿ ಅಥವಾ ಬಲೆ ಹೊದಿಸಿದ ಅಂಗಳದಲ್ಲಿ ಇಡಬೇಕು. ಮೊದಲ ವಾರ ಅಕ್ಕಿ ನುಚ್ಚು, ರಾಗಿ, ಒಡೆದ ಜೋಳ ಕೊಡಬಹುದು. ಆದರೆ ಕಾಳು ಮಾತ್ರ ಸಾಲದು. ಬೆಳೆಯುವ ಮರಿಗೆ ಗೆದ್ದಲು, ಹುಳು, ಬೇಯಿಸಿದ ಮೊಟ್ಟೆಯ ಚೂರು, ಹಿಂಡಿಯಂತಹ ಪುಷ್ಟಿಯ ಆಹಾರವೂ ಬೇಕು. ನೀರಿನ ತಟ್ಟೆ ಆಳವಿಲ್ಲದ್ದಾಗಿರಬೇಕು. ಮರಿ ಬಿದ್ದು ಮುಳುಗದಂತೆ ಅದರಲ್ಲಿ ಸಣ್ಣ ಕಲ್ಲುಗಳನ್ನಿಡಬೇಕು. ಮಳೆಗಾಲದಲ್ಲಿ ನೆಲದ ತೇವದಿಂದ ರಕ್ತಭೇದಿ ಬರುವುದರಿಂದ ಹಾಸನ್ನು ಒಣಗಿಸಿಡಬೇಕು.

ಒಂದು ಸೀಸೆ ಲಸಿಕೆ, ಹಲವು ಮನೆಗಳು

ಕೊಕ್ಕರೆ ರೋಗ ಎಂದು ಕರೆಯಲಾಗುವ ರಾಣಿಖೇತ್ ರೋಗವು ಒಂದೇ ವಾರದಲ್ಲಿ ಇಡೀ ಊರಿನ ಕೋಳಿಗಳನ್ನು ಬಲಿ ತೆಗೆದುಕೊಳ್ಳಬಲ್ಲದು. ಇದು ವೈರಾಣುವಿನಿಂದ ಬರುವುದರಿಂದ ಚಿಕಿತ್ಸೆಯಿಲ್ಲ, ಲಸಿಕೆಯೊಂದೇ ರಕ್ಷಣೆ. ಸಾಮಾನ್ಯ ಕ್ರಮದಂತೆ ಐದರಿಂದ ಏಳನೆಯ ದಿನದೊಳಗೆ ಎಫ್-1 ಅಥವಾ ಲಸೋಟಾ ಲಸಿಕೆಯ ಒಂದು ಹನಿಯನ್ನು ಕಣ್ಣಿಗೆ ಅಥವಾ ಮೂಗಿಗೆ, ನಾಲ್ಕನೆಯ ವಾರದಲ್ಲಿ ಲಸೋಟಾ ಮತ್ತೊಮ್ಮೆ, ಎಂಟನೆಯ ವಾರದ ನಂತರ ಆರ್-2-ಬಿ ಲಸಿಕೆಯನ್ನು ರೆಕ್ಕೆಯಡಿಯ ಚರ್ಮದ ಕೆಳಗೆ ಹಾಕಲಾಗುತ್ತದೆ. ಪಶುವೈದ್ಯಾಧಿಕಾರಿಗಳ ಸಲಹೆಯಂತೆಯೇ ಇದನ್ನು ನಡೆಸಬೇಕು.

ತೊಡಕಿರುವುದು ಸೀಸೆಯ ಅಳತೆಯಲ್ಲಿ. ಲಸಿಕೆಯ ಸೀಸೆಗಳು ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗಾಗುವಷ್ಟು ಇರುತ್ತವೆ. ಕಲಸಿದ ಲಸಿಕೆಯನ್ನು ತಂಪಿನಲ್ಲಿಟ್ಟು ಎರಡು ಗಂಟೆಗಳೊಳಗೆ ಮುಗಿಸಬೇಕು. ಹತ್ತು ಕೋಳಿಯ ಮನೆಗೆ ಒಂದು ಸೀಸೆ ಒಡೆಯುವುದು ವ್ಯರ್ಥವೆಂದು ಯಾರೂ ಹಾಕಿಸದೆ ಉಳಿಯುತ್ತಾರೆ. ರೋಗ ಬಂದಾಗ ಎಲ್ಲರೂ ಕಳೆದುಕೊಳ್ಳುತ್ತಾರೆ. ಹುಂಜದ ವಿನಿಮಯಕ್ಕೆ ಕೂಡಿದ ಮನೆಗಳೇ ನೆರೆಹೊರೆಯವರನ್ನೂ ಸೇರಿಸಿಕೊಂಡು ಒಂದು ದಿನವನ್ನು ಗೊತ್ತುಮಾಡಿ, ಪಶು ಸಖಿಯರ ಅಥವಾ ಪಶು ಆಸ್ಪತ್ರೆಯ ನೆರವಿನಿಂದ ಮುಂಜಾನೆ ಕೋಳಿಗಳನ್ನು ಗೂಡಿನಿಂದ ಬಿಡುವ ಮೊದಲೇ ಲಸಿಕೆ ಹಾಕಿಸಿದರೆ ಈ ತೊಡಕು ನಿವಾರಣೆಯಾಗುತ್ತದೆ. ರೋಗವಿರುವ ಕೋಳಿಗೆ ಲಸಿಕೆ ಹಾಕಬಾರದು. ಸತ್ತ ಕೋಳಿಗಳನ್ನು ಹಳ್ಳಕ್ಕೆ ಎಸೆಯದೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಏಕಾಏಕಿ ಹಲವು ಕೋಳಿಗಳು ಸತ್ತರೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು.

ಲೆಕ್ಕದ ಪುಸ್ತಕ

ಪ್ರತಿ ಹೇಂಟೆಗೆ ಒಂದು ಹೆಸರು ಅಥವಾ ಗುರುತು ಇರಲಿ. ಮಕ್ಕಳ ಹಳೆಯ ನೋಟ್ ಪುಸ್ತಕದಲ್ಲಿ ಐದು ಕಲಂಗಳು ಸಾಕು: ಕಾವಿಗೆ ಇಟ್ಟ ದಿನ, ಇಟ್ಟ ಮೊಟ್ಟೆ, ಒಡೆದ ಮರಿ, ಎಂಟು ವಾರಕ್ಕೆ ಉಳಿದ ಮರಿ, ಆ ಕಾಲದ ಹುಂಜ ಬಂದ ಮನೆ. ಒಂದು ಹೇಂಟೆ ಹನ್ನೆರಡು ಮರಿ ಒಡೆದು ನಾಲ್ಕನ್ನು ಉಳಿಸಿದರೆ, ಇನ್ನೊಂದು ಒಂಬತ್ತು ಒಡೆದು ಏಳನ್ನು ಉಳಿಸಿದರೆ, ಎರಡನೆಯದೇ ಮೇಲು. ನೆನಪಿನಲ್ಲಿ ಉಳಿಯುವುದು ಹನ್ನೆರಡು; ಸಂಸಾರಕ್ಕೆ ಒದಗುವುದು ಏಳು. ಈ ವ್ಯತ್ಯಾಸವನ್ನು ತೋರಿಸಬಲ್ಲದ್ದು ಬರೆದಿಟ್ಟ ಲೆಕ್ಕ ಮಾತ್ರ.

ಸಾರಾಂಶ

1. ಎಂಟರಿಂದ ಹತ್ತು ಹೇಂಟೆಗೆ ಒಂದು ಹುಂಜ. ವರ್ಷಕ್ಕೊಮ್ಮೆ ಅದರ ಬದಲಾವಣೆ.
2. ಹಬ್ಬದ ಮಾರಾಟಕ್ಕೆ ಮೊದಲೇ ವಂಶದ ಹುಂಜದ ಆಯ್ಕೆ.
3. ಐದು ಮನೆಗಳ ನಡುವೆ ಒಂದೇ ದಿಕ್ಕಿನ ವಿನಿಮಯ. ಹದಿನಾಲ್ಕು ದಿನ ಪ್ರತ್ಯೇಕ ವಾಸ.
4. ಹೊಸ ಹುಂಜ ಬಿಟ್ಟು ಮೂರು ವಾರಗಳ ನಂತರದ, ಏಳು ದಿನದೊಳಗಿನ ಮೊಟ್ಟೆಗಳು ಮಾತ್ರ ಕಾವಿಗೆ.
5. ಊರಿನವರೆಲ್ಲ ಕೂಡಿ ಒಂದೇ ದಿನ ಲಸಿಕೆ.

ಸಂಘದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ಸದಸ್ಯರ ಮನೆಯಲ್ಲಿ ಈಗಿರುವ ಹುಂಜ ಎಲ್ಲಿಂದ ಬಂದದ್ದು? ಅದೇ ಮನೆಯಲ್ಲಿ ಹುಟ್ಟಿದ್ದೇ?
2. ಕಳೆದ ಹಬ್ಬದಲ್ಲಿ ಮಾರಿದ ಹುಂಜಕ್ಕೂ ಉಳಿಸಿಕೊಂಡ ಹುಂಜಕ್ಕೂ ಇದ್ದ ವ್ಯತ್ಯಾಸವೇನು?
3. ಕಳೆದ ವರ್ಷ ಒಡೆದ ಮರಿಗಳೆಷ್ಟು? ಎಂಟು ವಾರ ದಾಟಿದವೆಷ್ಟು?
4. ವಿನಿಮಯಕ್ಕೆ ಕೂಡಬಹುದಾದ ಐದು ಮನೆಗಳು ಯಾವುವು? ಮುಂದಿನ ಲಸಿಕೆಯ ದಿನ ಯಾವುದು?